ಎರವಲು ಸಿಳ್ಳೆ

ನಮ್ಮ ಯೆಲ್ ದ್ವೀಪದಲ್ಲಿ ಮರವಿಲ್ಲ.
ಅದಕ್ಕೇ ಹಕ್ಕಿಗೆ ಮನೆಯೇ ಮರ,
ಹೊಗೆಗೂಡೇ ತುದಿಗೊಂಬೆ.
ಕಬ್ಬಕ್ಕಿ ಅಲ್ಲಿ ಕೂತು ಗಂಟಲುಬ್ಬಿಸಿ
ಗಾಳಿಗೆ ರೆಕ್ಕೆ ಒದರುತ್ತ
ತನ್ನದೆಂಬುದೊಂದಿಲ್ಲದ ಹಾಗೆ
ಊರಿನದನ್ನೆಲ್ಲ ಹಾಡುತ್ತದೆ:

ಎರ್ಟಿಯ ಟ್ರ್ಯಾಕ್ಟರು ಚಳಿಗೆ ಗೊರಗೊರ ಅಂದು ನಿಲ್ಲುವುದು,
ಕುದಿಯುವ ಕೆಟಲಿನ ಮೂತಿ,
ಜೌಗಿನ ಉಲ್ಲಂಕಿಯ ಕರೆ,
ನೆರೆಮನೆ ಸಿನ್ನಿಯ ಕೆಮ್ಮು, ಅದೂ ರಾತ್ರಿಯದು.
ಆಮೇಲೊಂದು ಕೀರಲು.
ಅದು ನಮ್ಮ ಕುರಿದೊಡ್ಡಿಯ ಕಬ್ಬಿಣದ ಗೇಟು.
ಗೇಟು ಗುಜರಿಗೆ ಹೋಗಿ ಹನ್ನೊಂದು ವರ್ಷ.
ಈ ಹಕ್ಕಿಗೆ ವಯಸ್ಸು ಮೂರೋ ನಾಲ್ಕೋ.
ಅಪ್ಪನಿಂದ ಕಲಿತಿರಬೇಕು, ಆ ಅಪ್ಪ ಅವನಪ್ಪನಿಂದ.
ಇಲ್ಲದ ಗೇಟನ್ನು ಮೂರು ತಲೆಮಾರು
ತೆರೆದು ಮುಚ್ಚುತ್ತಿವೆ,
ಎಣ್ಣೆ ಬಿಡುವವರಿಲ್ಲದೆ.

ಇರಲಿ, ಗೇಟು ಯಾರದಾದರೂ ಆಗಲಿ.
ಸಿಳ್ಳೆ ಮಾತ್ರ ನನ್ನದು.

ನಾಯಿ ಮಿರ್ರಿಗೆ ಕಲಿಸಿದ್ದು ಮೂರೇ ಮಾತು:
ಗಿಡ್ಡ ಎರಡು ಅಂದರೆ ಎಡಕ್ಕೆ,
ಏರಿ ಇಳಿದರೆ ಬಲಕ್ಕೆ,
ಉದ್ದಕ್ಕೆ ಒಂದೇ ಎಳೆ ಎಳೆದರೆ, ಇದ್ದಲ್ಲೇ ಮಲಗು.
ಜೂನಿನಲ್ಲಿ, ಉಣ್ಣೆ ಕತ್ತರಿಸುವ ದಿನ,
ಎಂಬತ್ತು ಕುರಿ ದೊಡ್ಡಿಯ ಬಾಯಿಗೆ ಬಂದಿದ್ದವು, ಇನ್ನೇನು,
ಹೊಗೆಗೂಡಿನಿಂದ ಗಿಡ್ಡ ಎರಡು.
ಮಿರ್ರಿ ಎಡಕ್ಕೆ. ಕುರಿ ಎಡಕ್ಕೆ.
ಎಡಕ್ಕಿದ್ದದ್ದು ಸಿನ್ನಿಯ ಎಲೆಕೋಸು.
ಅವಳು ಕೆಮ್ಮುತ್ತ ಹೊರಬಂದು
ನನ್ನ ಏಳು ತಲೆಮಾರು ಜಾಲಾಡಿದಳು.
ನಾನು ನಾಯಿಗೆ ಬೈದೆ.
ನಾಯಿ ಕಿವಿ ಮಡಚಿ ಕಣ್ಣಲ್ಲೇ ಅಂದಳು: ನೀನೇ ಹೇಳಿದ್ದು.
ಮೇಲೆ ಅವನು ಗರಿ ತೀಡುತ್ತಿದ್ದ.
ಕಲ್ಲೆಸೆದೆ. ಅವನಿಗೆ ತಗಲಲಿಲ್ಲ,
ಹೊಗೆಗೂಡಿನೊಳಗೆ ಬಿದ್ದು, ದಡದಡ ಇಳಿದು
ಒಲೆಯ ಬೂದಿಯಲ್ಲಿ ಕೂತಿತು.

ಅಕ್ಟೋಬರಿನಲ್ಲಿ ನನ್ನ ಮುಂಬಲ್ಲು ನಾಲ್ಕೂ ಹೋದವು.
ಲರ್ವಿಕ್ಕಿನ ವೈದ್ಯೆ ಕಟ್ಟಿಕೊಟ್ಟ ಹೊಸ ಹಲ್ಲು
ಬ್ರೆಡ್ಡಿಗೆ ಸರಿ, ನಗುವಿಗೂ ಸರಿ,
ಸಿಳ್ಳೆಗೆ ಮಾತ್ರ
ತೂತುಬಿದ್ದ ತಿದಿ.
ಅಂಗಡಿಯ ತಗಡಿನ ಸಿಳ್ಳೆ ಊದಿದೆ,
ಮಿರ್ರಿ ಪರವೂರಿನವರ ಮಾತೆಂಬಂತೆ ಮುಖ ತಿರುವಿದಳು.
ಕೂಗಿದೆ.
ಕೂಗನ್ನು ಗಾಳಿ ನಾರ್ವೆಗೆ ಹೊತ್ತುಕೊಂಡು ಹೋಯಿತು.

ಈಗ ಹೀಗೆ ನಡೆದಿದೆ.
ಬೆಳಿಗ್ಗೆ ಕಲ್ಲುಗೋಡೆಗೆ ಒರಗಿ ನಾನು,
ನನ್ನ ಬೂಟಿಗೆ ಒರಗಿ ಮಿರ್ರಿ,
ಇಬ್ಬರ ಕಣ್ಣೂ ಹೊಗೆಗೂಡಿನ ಮೇಲೆ.
ಆಚೆ ಕುರಿಗಳಿಗೆ ಯಾವ ಅವಸರವೂ ಇಲ್ಲ.
ಮೊದಲು ಟ್ರ್ಯಾಕ್ಟರು ಬರುತ್ತದೆ.
ಕೆಟಲು ಕುದಿಯುತ್ತದೆ.
ಸಿನ್ನಿ ಕೆಮ್ಮುತ್ತಾಳೆ
(ಔಷಧಿ ಬದಲಿಸಿ ಅವಳ ಕೆಮ್ಮು ನಿಂತು ಎರಡು ತಿಂಗಳಾಯಿತು,
ಇವನು ಬಿಟ್ಟಿಲ್ಲ).
ಗೇಟು ತೆರೆಯಿತು. ಮುಚ್ಚಿತು.
ಕಾಯಬೇಕು. ಸಾಲ ಕೊಟ್ಟವಳು ನಾನೇ ಆದರೂ
ಬಾಗಿಲಲ್ಲಿ ನಿಂತವಳೂ ನಾನೇ.
ಕೊನೆಗೊಮ್ಮೆ, ಮನಸ್ಸು ಬಂದರೆ,
ಮೇಲಿನಿಂದ
ನನ್ನ ಹಳೆಯ ಹಲ್ಲುಗಳ ಸಿಳ್ಳೆ,
ನಾನೆಂದೂ ಹೊಡೆಯದಷ್ಟು ಚೊಕ್ಕಟ.
ಮಿರ್ರಿ ಬಿಟ್ಟ ಬಾಣ.
ಎಡವೋ ಬಲವೋ ಅವನ ಚಿತ್ತ;
ಎಲೆಕೋಸಿಗೆ ಸಿನ್ನಿ
ಮೀನಿನ ಹಳೆ ಬಲೆ ಸುತ್ತಿದ್ದಾಳೆ.

ನಿನ್ನೆ ಸೂರಿನ ಸಂದಿಯಿಂದ ಮರಿಗಳು ಹೊರಬಂದವು,
ಮಾಸಲು ಕಂದು, ಕೊಕ್ಕಿನಂಚಿಗೆ ಇನ್ನೂ ಹಳದಿ.
ಒಂದು ನನ್ನತ್ತ ನೋಡಿತು,
ಗಂಟಲು ಕೆರೆದುಕೊಂಡು
ಗಿಡ್ಡದೊಂದು ಹೊಡೆದು
ಎರಡನೆಯದನ್ನು ಮರೆತಿತು.

ಮಿರ್ರಿ ಒಂದು ಕಾಲೆತ್ತಿದವಳು
ಹಾಗೇ ನಿಂತಿದ್ದಾಳೆ.